ಆಲ್ಫಾ ರೇಂಜ್ ಪುಸ್ತಕದಲ್ಲಿ 4 ಸೆಂ.ಮೀ., ನನಗೆ ಒಂದೂವರೆ. ಉಳಿದದ್ದು ಎಲ್ಲಿ ಹೋಯ್ತು?

ಕೌಂಟರ್_ಕಿಟ್ಟಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಎಂಎಸ್ಸಿ ಲ್ಯಾಬ್. ಗಾಳಿಯಲ್ಲಿ ಆಲ್ಫಾ ಕಣ (ವಿಕಿರಣಶೀಲ ವಸ್ತುವಿಂದ ಚಿಮ್ಮೋ ಹೀಲಿಯಂ ಬೀಜ) ಎಷ್ಟು ದೂರ ಹೋಗುತ್ತೆ, ಅಂದ್ರೆ ಅದರ ರೇಂಜ್ ಎಷ್ಟು ಅಂತ ಅಳೀತಿದ್ದೀನಿ. ಸೋರ್ಸ್ ಅಮೆರಿಸಿಯಂ-241, ಸೀಲ್ ಆಗಿರೋ ಡಿಸ್ಕ್. ಎದುರಿಗೆ ಮೈಕಾ (ಅಭ್ರಕ) ಕಿಟಕಿಯ ಗೀಗರ್ ಟ್ಯೂಬ್, ಒಳಗೆ ಬಂದ ವಿಕಿರಣ ಎಣಿಸೋ ಕೊಳವೆ. ಆಲ್ಫಾದ ಶಕ್ತಿ 5.49 ಎಂಇವಿ (ಕಣಗಳ ಶಕ್ತಿ ಅಳೆಯೋ ಮಾನ) ಅಂದ್ರೆ 4.1 ಸೆಂ.ಮೀ. ಬರಬೇಕು. ನನಗೆ ಒಂದೂವರೆ ದಾಟುತ್ತಿದ್ದಂಗೇ ಕೌಂಟ್ ದಬಕ್ಕನೆ ಬೀಳುತ್ತೆ. ಆದ್ರೆ ಸೊನ್ನೆಗೂ ಇಳಿಯಲ್ಲ, ಟ್ಯೂಬ್ ಎಷ್ಟು ಹಿಂದಕ್ಕೆ ಸರಿಸಿದರೂ ಒಂದಿಷ್ಟು ಉಳ್ಕೊಂಡಿರುತ್ತೆ. ಟ್ಯೂಬ್ ಕೆಟ್ಟಿದ್ಯಾ? ಒತ್ತಡ ಫೋನಿನ ಹವಾಮಾನ ಆ್ಯಪಲ್ಲಿ ನೋಡ್ಕೊಂಡೆ, 1013 ಹೆಕ್ಟೊಪಾಸ್ಕಲ್.

ಸೋಲ್ಡರ್_ಸಿದ್ದ:
ಸೀಲ್ ಸೋರ್ಸ್ ಬಿಡು ಗುರು. ಹೊಗೆ ಡಿಟೆಕ್ಟರ್ ಬಿಚ್ಚಿ ಒಳಗಿನ ತಗಡು ತಗೋ.

ಮೈಕಾ_ಮೇಷ್ಟ್ರು:
ಸಿದ್ದ, ಆ ಸಲಹೆ ಬೇಡ. ಆ ತಗಡಿಗೂ ಮೇಲೆ ಲೋಹದ ಹೊದಿಕೆ ಇರುತ್ತೆ, ಹಾಗಾಗಿ ಲಾಭ ಏನೂ ಇಲ್ಲ. ಕೆರೆದು ಪುಡಿ ಎದ್ದು ಉಸಿರಲ್ಲಿ ಒಳಗೆ ಹೋದರೆ ಮಾತ್ರ ಕಷ್ಟ: ಹೊರಗೆ ಕಾಗದಕ್ಕೇ ನಿಲ್ಲುವ ಆಲ್ಫಾ ಶ್ವಾಸಕೋಶದೊಳಗೆ ಕೂತರೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅಮೆರಿಸಿಯಂ ಅರ್ಧಕ್ಕೆ ಇಳಿಯೋಕೇ 432 ವರ್ಷ ಬೇಕು.

ಕಿಟ್ಟಿ, ಟ್ಯೂಬ್ ಸರಿಯಾಗೇ ಇದೆ. ಮೊದಲು ಆ ಉಳಿಕೆ ಕೌಂಟ್ ನೋಡೋಣ. ಅಮೆರಿಸಿಯಂ 60 ಕೆಇವಿ (0.06 ಎಂಇವಿ) ಗಾಮಾ ಕಿರಣ ಕೂಡ ಬಿಡುತ್ತೆ, ಅದಕ್ಕೆ ಗಾಳಿ ಲೆಕ್ಕಕ್ಕೇ ಇಲ್ಲ. ಪ್ರತಿ ದೂರದಲ್ಲೂ ನಡುವೆ ಒಂದು ಹಾಳೆ ಹಿಡಿದು ಇನ್ನೊಂದು ಸಲ ಎಣಿಸಿ, ಮೊದಲಿನದರಿಂದ ಕಳೆಯಿರಿ. ಉಳಿಯೋದು ಆಲ್ಫಾ.

ಈಗ ರೇಂಜ್. ನೀವು ಅಳೆದದ್ದು ಆಲ್ಫಾದ ಪೂರ್ತಿ ದಾರಿ ಅಲ್ಲ, ನಡುವಿನ ಗಾಳಿ ಮಾತ್ರ. ಕಿಟಕಿ ಎಷ್ಟು ದಪ್ಪ, ಟ್ಯೂಬಿನ ಮುಂದಿನ ಜಾಲರಿಯಿಂದ ಎಷ್ಟು ಒಳಗಿದೆ?

ಕೌಂಟರ್_ಕಿಟ್ಟಿ:
ಡೇಟಾಶೀಟಲ್ಲಿ ದಪ್ಪವನ್ನ ತೂಕದ ಲೆಕ್ಕದಲ್ಲಿ ಕೊಟ್ಟಿದ್ದಾರೆ, ಚದರ ಸೆಂ.ಮೀ.ಗೆ 2 ಮಿಲಿಗ್ರಾಂ ಅಂತಿದೆ ಸರ್. ಜಾಲರಿಯಿಂದ ಸುಮಾರು 3 ಮಿ.ಮೀ. ಒಳಗೆ.

ಮೈಕಾ_ಮೇಷ್ಟ್ರು:
ಸರಿ ಹಾಗಾದ್ರೆ. ಆ ಆ್ಯಪ್ ತೋರಿಸೋದು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಬೆಂಗಳೂರು 900 ಮೀಟರ್ ಮೇಲಿದೆ, ನಿಮ್ಮ ಮೇಜಿನ ಮೇಲಿರೋದು 910 ಹೆಕ್ಟೊಪಾಸ್ಕಲ್ ಆಸುಪಾಸು. 27 ಡಿಗ್ರಿ ಸೆಖೆಯನ್ನೂ ಸೇರಿಸಿದ್ರೆ, ಪುಸ್ತಕದ 15 ಡಿಗ್ರಿಯ ಗಾಳಿಗಿಂತ ಸಾಂದ್ರತೆ 0.86 ಪಟ್ಟು. ಅಂದ್ರೆ ನಿಮ್ಮೂರಲ್ಲಿ ಆಲ್ಫಾ ಇನ್ನೂ ದೂರ ಹೋಗಬೇಕು, 4.8 ಸೆಂ.ಮೀ. ಹತ್ತಿರ! ಕೊರತೆ ಹೆಚ್ಚೇ ಆಯ್ತು, ಕಮ್ಮಿ ಆಗಲಿಲ್ಲ.

ಅದನ್ನ ನುಂಗಿದವರು ಇಬ್ಬರು. ಮೈಕಾ ಚದರ ಸೆಂ.ಮೀ.ಗೆ ಸುಮಾರು 1.4 ಮಿಲಿಗ್ರಾಂ ಇದ್ದರೆ ಪುಸ್ತಕದ 1 ಸೆಂ.ಮೀ. ಗಾಳಿಗೆ ಸಮ, ನಿಮ್ಮ ಕಿಟಕಿ ಅಲ್ಲಿನ ಗಾಳಿಯಲ್ಲಿ 1.6 ಸೆಂ.ಮೀ. ತಿನ್ನುತ್ತೆ. 1.5, 0.3, 1.6 ಕೂಡಿಸಿ: 3.4. ಅದನ್ನ 0.86ರಿಂದ ಗುಣಿಸಿದರೆ 2.9. 4ರಿಂದ 8 ಎಂಇವಿ ತನಕ ರೇಂಜ್ (ಸೆಂ.ಮೀ.) = 1.24 × ಶಕ್ತಿ (ಎಂಇವಿ) − 2.62 ಅನ್ನೋ ಸೂತ್ರ ನಡೆಯುತ್ತೆ. ತಿರುಗಿಸಿ ಹಾಕಿದರೆ 4.45 ಎಂಇವಿ. ಉಳಿದ 1 ಎಂಇವಿಯನ್ನ ಡಿಸ್ಕಿನ ಮೇಲಿನ ತೆಳು ಲೋಹವೇ ಮುರ್ಕೊಂಡಿದೆ. ಸೀಲ್ ಸೋರ್ಸಲ್ಲಿ ಇದು ಮಾಮೂಲು.

ಒಂದು ಎಚ್ಚರಿಕೆ: ದೂರ ಹೋದಂತೆ ಕಿಟಕಿಗೆ ಸಿಗೋ ಪಾಲೇ ಕಮ್ಮಿ ಆಗುತ್ತೆ. ಅದನ್ನ ತಿದ್ದದೆ ಗ್ರಾಫ್ ಹಾಕಿದರೆ ಬೀಳುವ ಅಂಚು ಮಸುಕಾಗುತ್ತೆ. ತಿದ್ದಿದ ಮೇಲೆ ಕೌಂಟ್ ಅರ್ಧಕ್ಕೆ ಇಳಿಯುವ ದೂರವನ್ನೇ ರೇಂಜ್ ಅಂತ ತಗೊಳ್ಳಿ.

ಕೌಂಟರ್_ಕಿಟ್ಟಿ:
ಹಾಳೆ ಹಿಡಿದು ಕಳೆದೆ ಸರ್, ದೂರದಲ್ಲೂ ಉಳೀತಿದ್ದ ಕೌಂಟಿನ ಬಾಲ ಪೂರ್ತಿ ಮಾಯ. ಮುಂದೆ ಕಾರ್ಬನ್ ಡೈಆಕ್ಸೈಡ್, ಹೀಲಿಯಂ ತುಂಬಿ ನೋಡ್ಬೇಕು ಅಂತಿದ್ದೀನಿ. ಹಗುರ ಅನಿಲ ಆದಷ್ಟೂ ರೇಂಜ್ ಜಾಸ್ತಿ ತಾನೆ?

ಮೈಕಾ_ಮೇಷ್ಟ್ರು:
ಅಷ್ಟು ಸಲೀಸಲ್ಲ. ಒಂದೇ ಒತ್ತಡದಲ್ಲಿ ಹೈಡ್ರೋಜನ್ ಹೀಲಿಯಂಗಿಂತ ಹಗುರ, ಆದರೂ ಹೀಲಿಯಂನಲ್ಲೇ ಆಲ್ಫಾ ಹೆಚ್ಚು ದೂರ ಹೋಗೋದು. ಹೈಡ್ರೋಜನ್ ಅಣುವಲ್ಲೂ ಎರಡು ಎಲೆಕ್ಟ್ರಾನ್, ಹೀಲಿಯಂ ಪರಮಾಣುವಲ್ಲೂ ಎರಡೇ. ಹೀಲಿಯಂ ಅವನ್ನ ಬಿಗಿಯಾಗಿ ಹಿಡ್ಕೊಂಡಿದೆ, ಹಾಗಾಗಿ ಆಲ್ಫಾಗೆ ಅಲ್ಲಿ ಕಳ್ಕೊಳ್ಳೋದು ಕಮ್ಮಿ. ಕಾರ್ಬನ್ ಡೈಆಕ್ಸೈಡಲ್ಲಿ ಗಾಳಿಯ ಮೂರರಲ್ಲಿ ಎರಡು ಭಾಗ ದೂರ. ನಿಮ್ಮ ಜೋಡಣೆಯಲ್ಲಿ ಜಾಲರಿಯಿಂದಾಚೆ 9 ಮಿ.ಮೀ. ಉಳಿದೀತು. ಹೀಲಿಯಂನಲ್ಲಿ 10 ಸೆಂ.ಮೀ. ಹತ್ತಿರ, ಆದರೆ ಅಷ್ಟು ದೂರದಲ್ಲಿ ಕಿಟಕಿಗೆ ಬೀಳೋ ಆಲ್ಫಾ ತೀರಾ ವಿರಳ, ಗಾಮಾ ಮೇಲುಗೈ. ಎಣಿಸೋ ಹೊತ್ತು ಉದ್ದ ಇಟ್ಕೊಳ್ಳಿ. ಬಲೂನ್ ಅಂಗಡಿಯ ಹೀಲಿಯಂ ಮಾತ್ರ ಬೇಡ, ಅದರಲ್ಲಿ ಗಾಳಿ ಬೆರೆತಿರಬಹುದು.