ಕಕ್ಕಡದಲ್ಲೊಂದು ಕಾಮಿಕ್ಸ್

ಮಡಿಕೇರಿ. ಹೊರಗೆ ಕೊಡಗಿನ ಕಕ್ಕಡ ತಿಂಗಳ ಮಳೆ, ಒಳಗೆ ಬೆಲ್ಲದ ಕಾಪಿ. ಚಿತ್ರ ಬರೆಯುವ ಅಕ್ಕ ಸ್ವಂತ ಖರ್ಚಲ್ಲೇ ಕಾಮಿಕ್ಸ್ ತರ್ತಾರಂತೆ.

ಅಕ್ಕ: ಕತೆ 26 ಪುಟಕ್ಕೆ ಮುಗೀತು.

ಪ್ರೆಸ್ಸಣ್ಣ: ಮುಗಿಯೋದಿಲ್ಲ ಅಕ್ಕ. ನಡುವೆ ಪಿನ್ ಹೊಡೆಯೋ ಪುಸ್ತಕ ಅದು, ಹಾಳೆ ಮಡಚಿದ್ರೆ ನಾಲ್ಕು ಪುಟ. 24 ಮಾಡಿ, ಇಲ್ಲ 28.

ಬೋಪಣ್ಣ: 28 ಆಗ್ಲಿ. ಉಳಿದ ಎರಡರಲ್ಲಿ ನನ್ನ ಕರಿಮೆಣಸಿನ ಜಾಹೀರಾತು.

ಮೇಷ್ಟ್ರು: ದುಡ್ಡು ಕೊಡ್ತೀರಾ?

ಬೋಪಣ್ಣ: ಮೆಣಸು ಕೊಡ್ತೇನೆ.

ಪ್ರೆಸ್ಸಣ್ಣ: ಫೈಲು 300 ಡಿಪಿಐ, ಅಂದ್ರೆ ಇಂಚಿಗೆ 300 ಚುಕ್ಕಿ; ಸುತ್ತಲೂ 3 ಮಿ.ಮೀ. ಬ್ಲೀಡ್, ಅಂದ್ರೆ ಕತ್ತರಿಸುವಾಗ ಹೋಗೋ ಅಂಚು. ಅಕ್ಷರಕ್ಕೆ ಕಪ್ಪು ಇಂಕು ಒಂದೇ. ನಾಲ್ಕೂ ಬಣ್ಣ ಬೆರೆಸಿ ಕಪ್ಪು ಮಾಡಿದ್ರೆ, ಒಂದು ಬಣ್ಣದ ಅಚ್ಚಿನ ಪ್ಲೇಟು ಕೂದಲೆಳೆಯಷ್ಟು ಜರುಗಿದ್ರೂ ಅಕ್ಷರಕ್ಕೆ ನೆರಳು ಹುಟ್ತದೆ.

ಬೋಪಣ್ಣ: ದೆವ್ವದ ಕತೆಗೆ ಅದು ಲಾಭವೇ.

ಅಕ್ಕ: ನನ್ನ ತಲೆನೋವು ಪಾತ್ರದ ಮಾತು ಬರೆಯೋ ಬಲೂನಿನದ್ದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗ್ತದೆ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟಾದ್ರೂ ಬೇಕು. ಅದಕ್ಕೇ ಮೊದಲು ಮಾತು, ಆಮೇಲೆ ಬಲೂನು, ಜಾಗ ಉಳಿದ್ರೆ ಮುಖ.

ಮೇಷ್ಟ್ರು: ಹೀರೋ 'ಸ್ವಾತಂತ್ರ್ಯ' ಅಂತ ಕೂಗಿದ್ರೆ ಅವನ ತಲೆಯೇ ಹೋಯ್ತು!

ಪ್ರೆಸ್ಸಣ್ಣ: ಕವರಿಗೆ ಹೊರಬದಿ ಮಾತ್ರ ಲ್ಯಾಮಿನೇಶನ್ ತಾನೇ? ಈ ಮಳೆಯಲ್ಲಿ ಒಳಬದಿ ತೇವ ಹೀರಿ ಹಿಗ್ತದೆ, ಹೊರಬದಿ ಹಿಗ್ಗೋದಿಲ್ಲ. ಕವರು ಹೊರಕ್ಕೆ ಸುರುಳಿ ಸುತ್ತಿಕೊಳ್ತದೆ. ಮಳೆ ಕಳೆದ ಮೇಲೆ ಅಚ್ಚು ಹಾಕಿಸಿ, ಬಂಡಲನ್ನ ಗೋಡೆಗೆ ತಾಗಿಸಬೇಡಿ.

ಬೋಪಣ್ಣ: ಒಲೆ ಮೇಲಿನ ಅಟ್ಟದಲ್ಲಿಟ್ರೆ?

ಅಕ್ಕ: ಒಣಗಿಸಿದ ಹಂದಿಮಾಂಸದ ಹಾಗೆ ಹೊಗೆ ವಾಸನೆ ಹೊಡೀತದೆ.

ಮೇಷ್ಟ್ರು: ಈಗ ಲೆಕ್ಕ. 500 ಪ್ರತಿ, ಒಂದಕ್ಕೆ 40 ರೂಪಾಯಿ ಬಿತ್ತು ಅಂತಿಟ್ಕೊಳ್ಳಿ: 20,000. ಬೆಲೆ 100. ಅಂಗಡಿಯವರಿಗೆ 40 ಬಿಟ್ರೆ ಕೈಗೆ 60. 334 ಪ್ರತಿ ಹೋದಾಗ ಹಾಕಿದ್ದು ಹುಟ್ತದೆ. ನೀವೇ ಮೇಜು ಹಾಕ್ಕೊಂಡು ಮಾರಿದ್ರೆ 200ಕ್ಕೇ ಹುಟ್ತದೆ.

ಅಕ್ಕ: ಬರೆದ ಕೈಗೆ ಕೂಲಿ?

ಮೇಷ್ಟ್ರು: ಅದು ಎರಡನೇ ಸಂಚಿಕೆಗೆ. ಅಮೆರಿಕದ ಜೆಫ್ ಸ್ಮಿತ್ 'ಬೋನ್' ಕಾಮಿಕ್ಸನ್ನ 1991ರಿಂದ 2004ರ ತನಕ 55 ಸಂಚಿಕೆ ಬರೆದ, ಬಹುಪಾಲು ಸ್ವಂತ ಪ್ರಕಾಶನದಲ್ಲೇ. ಚಿತ್ರ ಅವನದ್ದು, ವ್ಯವಹಾರ ಹೆಂಡತಿ ವಿಜಯಾ ಅಯ್ಯರ್ ಅವರದ್ದು.

ಅಕ್ಕ: ನಮ್ಮನೆಯವರಿಗೆ ಹಾಲಿನ ಲೆಕ್ಕವೇ ಬರೋದಿಲ್ಲ ಮೇಷ್ಟ್ರೇ.

ಪ್ರೆಸ್ಸಣ್ಣ: ಯಾರಾದ್ರೂ ಪ್ರಕಾಶಕರು ಕೇಳಿದ್ರೆ ಕೊಟ್ಬಿಡಿ.

ಮೇಷ್ಟ್ರು: ಹಕ್ಕು ಕೊಡಬೇಡಿ, ಅಚ್ಚು ಹಾಕೋ ಅನುಮತಿ ಕೊಡಿ. ಯಾವ ಭಾಷೆ, ಎಷ್ಟು ವರ್ಷ, ಸಿನಿಮಾ ಯಾರಿಗೆ, ಎಲ್ಲ ಬೇರೆ ಬೇರೆ ಬರೆಸಿ. ಹಕ್ಕು ವರ್ಗಾಯಿಸಿದ ಪತ್ರದಲ್ಲಿ ಅವಧಿ ಬರೆದಿಲ್ಲದಿದ್ರೆ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಐದು ವರ್ಷ ಅಂತ ಲೆಕ್ಕ. 'ಶಾಶ್ವತವಾಗಿ' ಅಂತ ಕಂಡ್ರೆ ಪೆನ್ನಿನ ಮುಚ್ಚಳ ಹಾಕಿ.

ಬೋಪಣ್ಣ: ಅಕ್ಕ, ವಿಲನ್‌ಗೆ ನನ್ನ ಮೀಸೆ ಇಟ್ಟಿದ್ದೀರಲ್ಲ, ಅದಕ್ಕೂ ಐದೇ ವರ್ಷವಾ?