ಪಿ, ಆರ್, ಡಿ: ವಾಯುಸೀಮೆಯ ಈ ಮೂರಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹೆಲಿಕಾಪ್ಟರ್ ಪೈಲಟ್‌ಗಳು ಹಾರುವ ಮುಂಚೆ ಏನೇನು ನೋಡಿಕೊಳ್ಳಬೇಕು ಅನ್ನುವ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಂಜಿನ್, ಇಂಧನ, ಹವಾಮಾನ ಎಲ್ಲ ಸಲೀಸಾಗಿ ಬಂತು. ವಾಯುಸೀಮೆಯ ಅಧ್ಯಾಯದಲ್ಲಿ ಗಾಡಿ ನಿಂತಿದೆ. (ಏರ್‌ಸ್ಪೇಸ್‌ಗೆ ವಾಯುಸೀಮೆ, ವಾಯುಪ್ರದೇಶ, ವಾಯುವಲಯ ಮೂರೂ ಪತ್ರಿಕೆಗಳಲ್ಲಿ ಓಡಾಡುತ್ತಿವೆ. ಬಯಲುಸೀಮೆ ಅಂದರೆ ನಮಗೆ ಅರ್ಥ ಆಗುತ್ತದಲ್ವಾ, ಹಾಗಾಗಿ ನಾನು ವಾಯುಸೀಮೆ ಅಂತಲೇ ಇಟ್ಟುಕೊಂಡಿದ್ದೇನೆ.)

ಪೈಲಟ್‌ಗಳ ನಕ್ಷೆಯಲ್ಲಿ ಕೆಲವು ಜಾಗಗಳ ಸುತ್ತ ಗೆರೆ ಎಳೆದು ಪಿ, ಆರ್, ಡಿ ಅಂತ ಅಕ್ಷರ ಹಾಕಿ, ಪಕ್ಕದಲ್ಲಿ ಒಂದು ನಂಬರ್ ಕೊಟ್ಟಿರುತ್ತಾರೆ. ಪ್ರೊಹಿಬಿಟೆಡ್, ರಿಸ್ಟ್ರಿಕ್ಟೆಡ್, ಡೇಂಜರ್. ಪಿ ಅಂದರೆ ಅಲ್ಲಿ ಹಾರುವ ಹಾಗೇ ಇಲ್ಲ. ದೆಹಲಿಯ ರಾಷ್ಟ್ರಪತಿ ಭವನದ ಮೇಲಿನ ಆಕಾಶ ಈ ಜಾತಿಯದು. ಆರ್ ಅಂದರೆ ಷರತ್ತು ಇದೆ: ಇಂಥ ಹೊತ್ತಿನಲ್ಲಿ ಬೇಡ, ಇಷ್ಟು ಎತ್ತರದ ಕೆಳಗೆ ಬೇಡ, ಇಂಥವರನ್ನು ಕೇಳಿಕೊಂಡು ಹೋಗು. ಡಿ ಅಂದರೆ ಅಲ್ಲಿ ಗುಂಡು ಹಾರಿಸುವ ಅಭ್ಯಾಸವೋ ಇನ್ನೇನೋ ನಡೆಯುತ್ತಿರಬಹುದು, ಹುಷಾರು ಅಂತ. ತೆರೆದ ಸಮುದ್ರದ ಮೇಲೆ ಯಾವ ದೇಶಕ್ಕೂ ಹಾರಾಟ ನಿಷೇಧಿಸುವ ಹಕ್ಕಿಲ್ಲ. ಅಲ್ಲಿ ಡಿ ಅಂತ ಎಚ್ಚರಿಸಬಹುದು, ಅಷ್ಟೇ.

ಈಗ ಪತ್ರಿಕೆ ತೆಗೆದು ನೋಡಿ. ರಾಷ್ಟ್ರಪತಿ ಭವನಕ್ಕೂ ಹಾರಾಟ ನಿಷೇಧಿತ ವಲಯ, ಬಂಗಾಳ ಕೊಲ್ಲಿಯ ಕ್ಷಿಪಣಿ ಪರೀಕ್ಷೆಗೂ ಹಾರಾಟ ನಿಷೇಧಿತ ವಲಯ. ಓದುಗನಿಗೆ ಪರವಾಗಿಲ್ಲ. ಪೈಲಟ್‌ಗೆ ಇದು ಸಾಲದು.

ಪಿಗೆ ‘ನಿಷೇಧಿತ’, ಆರ್‌ಗೆ ‘ನಿರ್ಬಂಧಿತ’ ಅಂತ ಹಂಚಿಬಿಡಬಹುದು. ಎಷ್ಟೋ ಪದಪಟ್ಟಿಗಳು ಹಾಗೇ ಮಾಡುತ್ತವೆ. ಆದರೆ ಬಳಕೆಯಲ್ಲಿ ಈ ಎರಡರ ನಡುವೆ ಗೆರೆ ಉಳಿದಿದೆಯಾ? ಯಾವುದೇ ಸರ್ಕಾರಿ ಕಚೇರಿಯ ಬಾಗಿಲ ಮೇಲೆ ‘ಅನುಮತಿ ಇಲ್ಲದೆ ಪ್ರವೇಶ ನಿಷೇಧಿಸಲಾಗಿದೆ’ ಅಂತ ಬೋರ್ಡ್ ಇರುತ್ತದೆ. ಅನುಮತಿ ಪಡೆದು ಹೋಗಬಹುದು ಅಂದಮೇಲೆ ಅದು ಆರ್ ಆಯಿತು, ಪಿ ಹೇಗಾಗುತ್ತದೆ? ನಿಷೇಧಾಜ್ಞೆ ಇದ್ದ ದಿನವೂ ಪೊಲೀಸರನ್ನು ಕೇಳಿಕೊಂಡು ಮದುವೆ ದಿಬ್ಬಣ ಹೋಗುತ್ತದೆ. ಹಾಗಾಗಿ ‘ನಿಷೇಧ’ ಅಂದರೆ ‘ಕೇಳಿದರೆ ಬಿಡ್ತಾರೆ’ ಅಂತ ನಮ್ಮ ಕಿವಿಗೆ ರೂಢಿಯಾಗಿಬಿಟ್ಟಿದೆ. ‘ನಿರ್ಬಂಧ’ದ ಕಥೆ ಬೇರೆ. ಹಳಬರ ಮಾತಿನಲ್ಲಿ ಅದಕ್ಕೆ ಒತ್ತಾಯ ಅನ್ನುವ ಅರ್ಥವೂ ಇದೆ. ಈಗಿನ ವರದಿಗಳಲ್ಲಂತೂ ‘ಸಂಚಾರ ನಿರ್ಬಂಧ’ ಅಂದರೆ ರಸ್ತೆ ಪೂರ್ತಿ ಬಂದ್.

ಏರೋ ಇಂಡಿಯಾ ಬಂದಾಗ ಈ ಗಲಿಬಿಲಿ ಇನ್ನೂ ಜಾಸ್ತಿ. ಯಲಹಂಕದಲ್ಲಿ ಪ್ರದರ್ಶನ ನಡೆಯುವಾಗ ಕೆಂಪೇಗೌಡ ನಿಲ್ದಾಣದ ವಿಮಾನಗಳನ್ನು ದಿನಕ್ಕೆ ಕೆಲವು ಗಂಟೆ ಮಾತ್ರ ತಡೆಯುತ್ತಾರೆ. ಅದೇ ಹೊತ್ತಿಗೆ ವಾಯುನೆಲೆಯ ಸುತ್ತ ಮಾಂಸ ಮಾರಾಟಕ್ಕೂ ತಡೆ, ಹದ್ದುಗಳು ಬರಬಾರದು ಅಂತ. ಎರಡಕ್ಕೂ ಸುದ್ದಿಯಲ್ಲಿ ಒಂದೇ ಪದ, ನಿಷೇಧ.

ಇಂಥ ತಾತ್ಕಾಲಿಕ ತಡೆಗಳು ಪೈಲಟ್‌ಗೆ ಗೊತ್ತಾಗುವುದು ನೋಟಾಮ್ ಮೂಲಕ, ಅಂದರೆ ಪೈಲಟ್‌ಗಳಿಗೆಂದೇ ಹೊರಡಿಸುವ ಸೂಚನೆಯ ಮೂಲಕ. ಹೆಸರಿಗೆ ಕನ್ನಡ ಹುಡುಕುವ ಗೋಜಿಗೆ ನಾನು ಹೋಗಿಲ್ಲ. ಅಮೆರಿಕದವರೇ ಆ ಅಕ್ಷರಗಳ ಪೂರ್ಣರೂಪವನ್ನು 2021ರಲ್ಲಿ ಬದಲಿಸಿ 2025ರಲ್ಲಿ ಮತ್ತೆ ಹಳೆಯದಕ್ಕೆ ಬಂದರು. ಆದರೆ ‘ನೋಟಾಮ್ ಜಾರಿ’ ಅಂತ ಟಿವಿಯಲ್ಲಿ ಹೇಳಿದರೆ ನಾಳೆಯೇ ಯುದ್ಧ ಅನ್ನಿಸುತ್ತದೆ. ರನ್‌ವೇ ದೀಪ ಕೆಟ್ಟರೂ, ಎಲ್ಲೋ ಎತ್ತರದ ಕ್ರೇನ್ ನಿಲ್ಲಿಸಿದರೂ ಬರುವುದು ಅದೇ ನೋಟಾಮ್. ಕೆಳಗೇ ಹಾರುವ ಹೆಲಿಕಾಪ್ಟರ್‌ನವರಿಗೆ ಕ್ರೇನ್‌ನ ಸುದ್ದಿಯೇ ಮುಖ್ಯ. ಸುಮ್ನೆ ‘ಪ್ರಕಟಣೆ’ ಅಂದರೆ ಸಾಕೇನೋ.

ಅನುವಾದದಲ್ಲಿ ನಿಜವಾಗಿ ಎಡವುವುದು ಅಂಕಿಗಳಲ್ಲಿ. ನೋಟಾಮ್‌ನ ಹೊತ್ತು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿರುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. 2025ರ ಮೇ ತಿಂಗಳಲ್ಲಿ 32 ವಿಮಾನ ನಿಲ್ದಾಣ ಮುಚ್ಚಿದಾಗ ಕೆಲವರು 14ರವರೆಗೆ ಅಂತ ಬರೆದರು, ಕೆಲವರು 15ರವರೆಗೆ ಅಂತ. ಎರಡೂ ಸರಿಯೇ. ನೋಟಾಮ್ ರೀತಿಯಲ್ಲಿ ಆ ಕೊನೆಯ ಹೊತ್ತನ್ನು 2505142359 ಅಂತ ಬರೆಯಬೇಕು: ವರ್ಷ, ತಿಂಗಳು, ತಾರೀಕು, ಗಂಟೆ, ನಿಮಿಷ. ನಮ್ಮ ಲೆಕ್ಕಕ್ಕೆ ಅದು 15ರ ಬೆಳಗಿನ 5 ಗಂಟೆ 29 ನಿಮಿಷ.

ಎತ್ತರದ್ದೂ ಹೀಗೇ. ‘4000 ಅಡಿಯವರೆಗೆ’ ಅಂತ ಬರೆದು ಬಿಟ್ಟರೆ ಎಲ್ಲಿಂದ 4000 ಅಡಿ? ಬೆಂಗಳೂರು ಇರುವುದೇ ಸುಮಾರು 3000 ಅಡಿ ಮೇಲೆ. ಸಮುದ್ರಮಟ್ಟದಿಂದ ಅಂದರೆ ಜಕ್ಕೂರಿನ ನೆಲದಿಂದ ಬರೀ ಸಾವಿರ ಅಡಿ. ಪಣಂಬೂರಿನ ದಡದಲ್ಲಾದರೆ ಪೂರ್ತಿ ನಾಲ್ಕು ಸಾವಿರ. ಹಾಗಾಗಿ ‘ನೆಲದಿಂದ’, ‘ಸಮುದ್ರಮಟ್ಟದಿಂದ’ ಅನ್ನುವುದನ್ನು ಪ್ರತಿ ಸಲವೂ ಬರೆಯುತ್ತಿದ್ದೇನೆ. ಓದಲು ಭಾರ ಅನ್ನಿಸಿದರೂ ಬಿಡುವುದಿಲ್ಲ.

ಇನ್ನೊಂದು ಸಣ್ಣದು. ಹಾರುವ ಮುಂಚೆ ಎಡಿಸಿ ನಂಬರ್, ಎಫ್‌ಐಸಿ ನಂಬರ್ ತೆಗೆದುಕೊಳ್ಳುವುದು ನಮ್ಮ ದೇಶದ ಪದ್ಧತಿ. ಎಫ್‌ಐಸಿ ಅಂದರೆ ಹಾರಾಟ ಮಾಹಿತಿ ಕೇಂದ್ರ. ಎಡಿಸಿ ಅಂದರೆ ವಾಯು ರಕ್ಷಣೆಯ ಕಡೆಯಿಂದ ಸಿಗುವ ಕ್ಲಿಯರೆನ್ಸ್. ಈ ಕ್ಲಿಯರೆನ್ಸ್‌ಗೆ ‘ಅನುಮತಿ’ ಹಾಕಿದ್ದೇನೆ. ‘ಪರವಾನಗಿ’ ಅಂದರೆ ಪೈಲಟ್‌ನ ಲೈಸೆನ್ಸ್ ಜೊತೆ ಕಲೆಸಿಹೋಗುತ್ತದೆ.

ಸದ್ಯಕ್ಕೆ ನನ್ನ ಕರಡಿನಲ್ಲಿ ಪಿಗೆ ‘ಹಾರುವಂತಿಲ್ಲದ ವಲಯ’, ಆರ್‌ಗೆ ‘ಷರತ್ತಿನ ವಲಯ’, ಡಿಗೆ ‘ಅಪಾಯ ವಲಯ’ ಇವೆ. ಮೊದಲನೆಯದು ಉದ್ದ ಆಯಿತು, ನಕ್ಷೆಯ ಮೇಲೆ ಹಿಡಿಸುವುದಿಲ್ಲ. ‘ಷರತ್ತಿನ ವಲಯ’ ಕಿವಿಗೆ ಹೇಗಿದೆ? ವಾಯುಪಡೆಯಲ್ಲೋ ಎಚ್‌ಎಎಲ್‌ನಲ್ಲೋ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ನೀವು ನೀವೇ ಕನ್ನಡದಲ್ಲಿ ಮಾತಾಡುವಾಗ ಇವಕ್ಕೆ ಏನನ್ನುತ್ತಿದ್ದಿರಿ? ಪಿ, ಆರ್, ಡಿ ಅಂತಲೇ ಅನ್ನುತ್ತಿದ್ದಿರಾದರೆ ಅದನ್ನೂ ತಿಳಿಸಿ. ಅಕ್ಷರಗಳನ್ನೇ ಉಳಿಸಿಕೊಂಡು ಒಂದು ಸಾಲು ವಿವರಣೆ ಕೊಡುತ್ತೇನೆ.