ಕನ್ನಡ ಪದ ಬೇಕು: ಕಾಮೆಂಟ್, ಸಜೆಸ್ಟ್, ರಿಸಾಲ್ವ್ (ನಾಳೆ ಸಂಜೆಯೊಳಗೆ)

ಹಿರಿಯರೇ, ಗೆಳೆಯರೇ, ನಮಸ್ಕಾರ.

ಅವಸರದ ಕೆಲಸ. ನಮ್ಮ ತಾಲೂಕಿನ ಪ್ರೌಢಶಾಲೆ ಶಿಕ್ಷಕರು ಸೇರಿ ಸಮಾಜ ವಿಜ್ಞಾನಕ್ಕೆ ಒಂದು ಅಭ್ಯಾಸ ಪುಸ್ತಕ ಬರೆಯುತ್ತಿದ್ದೇವೆ. ಕರಡು ಗೂಗಲ್ ಡಾಕ್ಸ್‌ನಲ್ಲಿದೆ. ಲಿಂಕ್ ಎಲ್ಲರ ಕೈಗೂ ಹೋಗಿದೆ. ಕರಡು ಓದಿ ಪಕ್ಕದಲ್ಲಿ ಕಾಮೆಂಟ್ ಬರೆಯುವುದು ಹೇಗೆ ಅಂತ ಒಂದು ಪುಟದ ಸೂಚನೆ ಮಾಡುತ್ತಿದ್ದೇನೆ. ನಾಳೆ ಸಂಜೆ ಅದನ್ನು ಜೆರಾಕ್ಸ್ ಅಂಗಡಿಗೆ ಕೊಡಬೇಕು.

ಪದ ಯಾಕೆ ಮುಖ್ಯ ಅಂದರೆ, ಹೋದ ಸಲ ಎಲ್ಲರಿಗೂ ತಿದ್ದುವ ಹಕ್ಕನ್ನೇ ಕೊಟ್ಟಿದ್ದರು. ಒಂದು ಪಾಠದಲ್ಲಿ ‘ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ’ ಅಂತ ಇತ್ತು. ಒಬ್ಬರು ಅದನ್ನು ಅಳಿಸಿ 1956 ಮಾಡಿದರು. ಇನ್ನೊಬ್ಬರು ತಿರುಗಿ 1973 ಮಾಡಿದರು. ಮೂರನೆಯವರು ಆ ಸಾಲನ್ನೇ ತೆಗೆದುಬಿಟ್ಟರು. ಏಕೀಕರಣ ಆದದ್ದು 1956ರ ನವೆಂಬರ್ 1ಕ್ಕೆ, ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಎರಡೂ ಪಾಠಕ್ಕೆ ಬೇಕಾದ ಇಸವಿಗಳೇ. ಪಕ್ಕದಲ್ಲಿ ಒಂದು ಮಾತು ಬರೆದಿದ್ದರೆ ಮುಗಿಯುತ್ತಿತ್ತು. ಕೊನೆಗೆ ಹಳೆಯ ಪ್ರತಿ ಹುಡುಕಿ ತೆಗೆದು ಸರಿಮಾಡಬೇಕಾಯಿತು.

ಹಾಗಾಗಿ ಕಾಮೆಂಟ್‌ಗೆ ಇಟ್ಟ ಪದ ಓದಿದ ಕೂಡಲೇ, ಇದನ್ನು ಒತ್ತಿದರೆ ಮೂಲ ಬರಹಕ್ಕೆ ಏನೂ ಆಗುವುದಿಲ್ಲ ಅನ್ನೋದು ತಿಳಿಯಬೇಕು. ಸಜೆಸ್ಟ್‌ನಲ್ಲಿ ಬರಹದೊಳಗೇ ತಿದ್ದುತ್ತೇವೆ. ಆದರೆ ತಿದ್ದಿದ್ದು ಬೇರೆ ಬಣ್ಣದಲ್ಲಿ ನಿಂತಿರುತ್ತದೆ, ಸಂಪಾದಕರು ಒಪ್ಪಿದರೆ ಮಾತ್ರ ಸೇರುತ್ತದೆ. ರಿಸಾಲ್ವ್ ಅಂದರೆ ಆ ಕಾಮೆಂಟಿನ ಕೆಲಸ ಮುಗಿಯಿತು ಅಂತ ಗುರುತು ಹಾಕುವುದು. ಅದು ಪುಟದಿಂದ ಮರೆಯಾಗುತ್ತದೆ, ಅಳಿಸಿ ಹೋಗುವುದಿಲ್ಲ. ಬೇಕಾದರೆ ಮತ್ತೆ ತೆರೆಯಬಹುದು.

— ಶಿಕ್ಷಕಿ, ಹಾವೇರಿ ಜಿಲ್ಲೆ

* * *

ಟಿಪ್ಪಣಿ. ಸಲಹೆ. ಪರಿಹಾರ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ.

— ಕನ್ನಡ ಅಧ್ಯಾಪಕ, ಮೈಸೂರು

* * *

ಮೇಷ್ಟ್ರೇ, ‘ಪರಿಹಾರ’ ನಮ್ಮ ಕಡೆ ನಡೆಯೋದಿಲ್ಲ. ಇಲ್ಲಿ ಪರಿಹಾರ ಅಂದರೆ ಬೆಳೆ ಪರಿಹಾರ, ನೆರೆ ಪರಿಹಾರ. ‘ಪರಿಹಾರ ಒತ್ತಿ’ ಅಂತ ಬರೆದರೆ ದುಡ್ಡಿನ ಮಾತು ಅಂದುಕೊಳ್ಳುತ್ತಾರೆ.

— ಶಿಕ್ಷಕಿ, ಹಾವೇರಿ ಜಿಲ್ಲೆ

* * *

ಟಿಪ್ಪಣಿ, ಪರಿಹಾರ ಎರಡೂ ಸಂಸ್ಕ್ರುತದವು. ಸಲಹೆ ಅರಬ್ಬಿಯದು. ಮೂರು ಪದ ಕೇಳಿದರೆ ಮೂರೂ ಹೊರಗಿನವು. ನಮ್ಮಲ್ಲಿ ಪದಗಳಿಲ್ಲವೇ?

ಕಾಮೆಂಟ್‌ಗೆ ‘ಅನಿಸಿಕೆ’. ಬ್ಲಾಗು ಬರೆಯುವವರು, ಓದುವವರು ಇದನ್ನು ಎಂದೋ ಒಪ್ಪಿದ್ದಾರೆ. ಸಜೆಸ್ಟ್‌ಗೆ ‘ತಿದ್ದುಗೆ’. ರಿಸಾಲ್ವ್‌ಗೆ ‘ಬಗೆಹರಿಕೆ’. ಬಗೆ, ಹರಿ ಎರಡೂ ಕನ್ನಡದವೇ. ‘ಜಗಳ ಬಗೆಹರಿಯಿತು’ ಎಂದು ಓದು ಬಾರದವರೂ ಹೇಳುತ್ತಾರೆ. ಮಕ್ಕಳಿಗೆ ಕಲಿಸುವವರು ಸಂಸ್ಕ್ರುತ ಹೇರುವುದನ್ನು ಬಿಡಬೇಕು.

— ಎಲ್ಲರಕನ್ನಡದಲ್ಲಿ (ಮಹಾಪ್ರಾಣ, ಋ ಬಿಟ್ಟ ಬರವಣಿಗೆಯಲ್ಲಿ) ಬರೆಯುವವ, ಮಂಗಳೂರು

* * *

ತಾಯಿ, ಇಷ್ಟು ಹುಡುಕಾಟ ಯಾಕೆ? ನಿಮ್ಮ ಶಾಲೆಯ ದಾಖಲಾತಿ ವಹಿ ತೆಗೆದು ನೋಡಿ. ಕೊನೆಯ ಕಾಲಂ ಏನು? ‘ಷರಾ’. ಸಾಲಿನ ಪಕ್ಕದಲ್ಲಿ, ಸಾಲನ್ನು ಮುಟ್ಟದೆ, ಆ ಸಾಲಿನ ಬಗ್ಗೆ ಬರೆಯುವ ಮಾತು. ನೀವು ಕೇಳಿದ್ದು ಇದೇ ಅಲ್ವಾ? ಅರಬ್ಬಿಯಲ್ಲಿ ‘ಶರಹ್’ ಅಂದರೆ ವಿವರಣೆ, ವ್ಯಾಖ್ಯಾನ. ಅಲ್ಲಿಂದ ಪಾರಸಿಗೆ, ಅಲ್ಲಿಂದ ನಮ್ಮ ದಫ್ತರಕ್ಕೆ. ನಿಮ್ಮ ಶಿಕ್ಷಕರೆಲ್ಲರಿಗೂ ಈ ಪದ ಗೊತ್ತು. ಹೊಸದಾಗಿ ಕಲಿಸಬೇಕಾಗಿಲ್ಲ.

ಟಿಪ್ಪಣಿ ಬೇರೆ. ಕಚೇರಿಯಲ್ಲಿ ಟಿಪ್ಪಣಿ ಹಾಳೆ ಅಂತ ಪ್ರತ್ಯೇಕ ಇರುತ್ತದೆ. ವಿಷಯ ನಿರ್ವಾಹಕ ಮೊದಲು ಬರೆಯುತ್ತಾನೆ. ಅದರ ಕೆಳಗೆ ಮೇಲಿನವರು ಬರೆಯುತ್ತಾರೆ, ಅದರ ಕೆಳಗೆ ಇನ್ನೂ ಮೇಲಿನವರು. ಒಂದೊಂದು ಕಂಡಿಕೆಗೂ, ಅಂದರೆ ಪ್ಯಾರಾಗೂ, ಸಂಖ್ಯೆ. ‘ಕಂಡಿಕೆ 14 ನೋಡಿ’ ಅಂತ ಬರೆದರೆ ಸಾಕು, ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ಬಂದ ಪತ್ರದ ಮೇಲೆ ಯಾರೂ ಗೀಚುವುದಿಲ್ಲ.

ರಿಸಾಲ್ವ್‌ಗೆ ‘ವಿಲೇವಾರಿ’. ವಿಲೇ ಆದ ಕಡತವನ್ನು ಹರಿದು ಹಾಕುವುದಿಲ್ಲ. ಅದು ದಾಖಲೆ ಕೊಠಡಿಗೆ ಹೋಗುತ್ತದೆ, ಬೇಕಾದಾಗ ಹೊರಗೆ ಬರುತ್ತದೆ. ನೀವು ಹೇಳಿದ ಗುಣ ಸರಿಯಾಗಿ ಹೊಂದುತ್ತದೆ.

ಮಂಗಳೂರಿನವರಿಗೆ ಒಂದು ಮಾತು. ಕಂಪ್ಯೂಟರಿನವರು ಫೈಲಿಗೆ ‘ಕಡತ’ ಅಂದಾಗ ಯಾರೂ ತಕರಾರು ಮಾಡಲಿಲ್ಲ. ಕಡತ ಅಂದರೆ ಏನಾಗಿತ್ತು? ಬಟ್ಟೆಗೆ ಹುಣಿಸೆ ಬೀಜದ ಸರಿ, ಇದ್ದಿಲ ಪುಡಿ ಹಚ್ಚಿ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕ. ಶೃಂಗೇರಿ ಮಠದ ಕಡತಗಳು ಹೆಸರಾದವು. ಹಳೆಯ ಕೆಲಸದ ಪದ ಹೊಸ ಕೆಲಸಕ್ಕೆ ಬಂದರೆ ನಿಲ್ಲುತ್ತದೆ. ಕೂತು ಕಟ್ಟಿದ ಪದ ನಿಲ್ಲುವುದು ಅಪರೂಪ.

— ನಿವೃತ್ತ ಶಿರಸ್ತೇದಾರ, ತುಮಕೂರು

* * *

> ಕಾಮೆಂಟ್‌ಗೆ ‘ಅನಿಸಿಕೆ’

ಆದಿಯಲ್ಲೇ ಹಂಸಪಾದ. ‘ಇಸವಿ ತಪ್ಪಾಗಿದೆ’ ಎನ್ನುವುದು ಅನಿಸಿಕೆಯೇ? ಅದು ಅನಿಸುವ ವಿಷಯವಲ್ಲ, ಇರುವ ವಿಷಯ.

ಷರಾ ಕೂಡ ಒಗ್ಗುವುದಿಲ್ಲ. ‘ಇವನು ದಡ್ಡ ಅಂತ ಷರಾ ಬರೆದುಬಿಟ್ಟರು’ ಎನ್ನುತ್ತೇವೆ. ಷರಾ ಬಿದ್ದರೆ ಮಾತು ಮುಗಿಯಿತು. ಅದಕ್ಕೆ ಮರುಮಾತಿಲ್ಲ. ಮೇಡಂ ಹೇಳುವ ಕಾಮೆಂಟಿಗೆ ಇನ್ನೊಬ್ಬರು ಉತ್ತರ ಕೊಡುತ್ತಾರೆ, ಆ ಉತ್ತರಕ್ಕೆ ಮತ್ತೊಬ್ಬರು.

ನಮ್ಮಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ. ಸೂತ್ರ ಬರೆದು, ಅದಕ್ಕೆ ತಾನೇ ವೃತ್ತಿ (ಸೂತ್ರದ ವಿವರಣೆ) ಬರೆದು, ಆ ವೃತ್ತಿಗೆ ಮತ್ತೆ ತಾನೇ ವ್ಯಾಖ್ಯಾನ ಬರೆದ. ಮೂರು ಪದರ. ಸೂತ್ರದ ಒಂದು ಅಕ್ಷರವೂ ಕದಲಲಿಲ್ಲ. ‘ಟೀಕೆ’ಯೂ ಇಂಥದ್ದೇ ಪದ. ಮೂಲದಲ್ಲಿ ಅದು ಅರ್ಥ ಬಿಡಿಸುವುದು. ಈಗ ಬೈಯುವುದಕ್ಕೆ ಇಳಿದಿದೆ. ನನ್ನನ್ನು ಕೇಳಿದರೆ ಕಾಮೆಂಟಿಗೆ ಟೀಕೆಯೇ ಸರಿಯಾದ ಪದ. ಒಳ್ಳೆಯ ಪದವನ್ನು ಹಾಳು ಮಾಡಿದ್ದೇವೆ, ಅದನ್ನು ಮತ್ತೆ ಮೇಲೆತ್ತಬೇಕು. ಆದರೆ ನಾಳೆಯ ಕೆಲಸಕ್ಕೆ ಅದು ಆಗುವುದಿಲ್ಲ. ಆದ್ದರಿಂದ ಟಿಪ್ಪಣಿ.

ಸಜೆಸ್ಟ್‌ಗೆ ‘ಹಂಸಪಾದ’ ಎನ್ನಬಹುದು. ಓಲೆಗರಿಯಲ್ಲಿ ಅಕ್ಷರ ಬಿಟ್ಟುಹೋದರೆ ಆ ಜಾಗದಲ್ಲಿ ಹಂಸಪಾದದ ಗುರುತು ಹಾಕಿ, ಬಿಟ್ಟದ್ದನ್ನು ಅಂಚಿನಲ್ಲೋ ಸಾಲಿನ ಮೇಲೋ ಬರೆಯುತ್ತಿದ್ದರು.

— ಕನ್ನಡ ಅಧ್ಯಾಪಕ, ಮೈಸೂರು

* * *

ಮೇಷ್ಟ್ರೇ, ಹಂಸಪಾದ ಸೇರಿಸುವುದಕ್ಕೆ ಮಾತ್ರ. ಸಜೆಸ್ಟ್‌ನಲ್ಲಿ ಅಳಿಸುವ ಸಲಹೆಯೂ ಇರುತ್ತದೆ. ಅಳಿಸಿದ ಪದದ ಮೇಲೆ ಗೀಟು ಬಿದ್ದಿರುತ್ತದೆ. ಹೊಂದುವುದಿಲ್ಲ.

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಆ ಶಾಲೆಗಳ ಪರದೆ ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿದ್ದರೆ ಗುಂಡಿಯ ಮೇಲೆ ಇರುವುದು ‘ಕಾಮೆಂಟ್’. ಕಾಗದದಲ್ಲಿ ಬರೀ ‘ಟಿಪ್ಪಣಿ ಒತ್ತಿ’ ಅಂತ ಬರೆದರೆ ಶಿಕ್ಷಕರು ಪರದೆಯಲ್ಲಿ ಟಿಪ್ಪಣಿ ಹುಡುಕುತ್ತಾ ಕೂರುತ್ತಾರೆ. ಗುಂಡಿಯ ಹೆಸರನ್ನು ಇದ್ದ ಹಾಗೇ ಹೇಳಬೇಕು. ಆಮೇಲೆ ಕೆಲಸಕ್ಕೆ ಕನ್ನಡ ಪದ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ‘ಸಂಪಾದಿಸಿ’, ‘ಚರ್ಚೆ’ ಪರದೆಯ ಮೇಲೇ ಇವೆ, ಅದಕ್ಕೇ ಅವು ಬಾಯಿಗೆ ಬಂದವು.

ಇನ್ನೊಂದು ಮಾತು, ಪ್ರಶ್ನೆಗೆ ನೇರ ಸಂಬಂಧ ಇದೆ. 2006ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ಮುಕ್ತ ತಂತ್ರಾಂಶಗಳಿಗೆ ಬಳಸುವ ಜಿಪಿಎಲ್ ಪರವಾನಗಿಯ ಮೂರನೇ ಆವೃತ್ತಿಯ ಕರಡನ್ನು ಜನರ ಮುಂದಿಟ್ಟಿತು. ಕರಡಿನ ಸಾಲು ಆರಿಸಿ ಮಾತು ಬರೆಯುವ ಒಂದು ಸಾಧನ ಅಲ್ಲಿತ್ತು. ಮಾತು ಜಾಸ್ತಿ ಬಿದ್ದಷ್ಟೂ ಆ ಸಾಲಿನ ಬಣ್ಣ ಗಾಢವಾಗುತ್ತಿತ್ತು. ಎಲ್ಲಿ ತಕರಾರು ಇದೆ ಅಂತ ದೂರದಿಂದಲೇ ಕಾಣುತ್ತಿತ್ತು. ಅದರ ಹೆಸರು ‘ಸ್ಟೆಟ್’. ಕರಡಚ್ಚು ತಿದ್ದುವವರ ಲ್ಯಾಟಿನ್ ಪದ, ‘ಹಾಗೇ ಇರಲಿ’ ಅಂತ ಅರ್ಥ. ಹೆಸರಿನಲ್ಲೇ ಮೂಲ ಕದಲದು ಅನ್ನುವುದು ಬಂತು. ಮೇಡಂಗೆ ಬೇಕಾದದ್ದೂ ಅದೇ. ಆ ಲೆಕ್ಕದಲ್ಲಿ ‘ಅಂಚುಟಿಪ್ಪಣಿ’ ಇನ್ನೂ ಚೆನ್ನ. ಅಂಚು ಅಂದ ಮೇಲೆ ಒಳಗೆ ಕೈ ಹಾಕುವುದಿಲ್ಲ.

— ತಂತ್ರಾಂಶ ಕನ್ನಡೀಕರಣದ ಸ್ವಯಂಸೇವಕ, ಬೆಂಗಳೂರು

* * *

ಅಂಚುಟಿಪ್ಪಣಿ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ಸಮಾಸ. ಬೇಡ.

— ಕನ್ನಡ ಅಧ್ಯಾಪಕ, ಮೈಸೂರು

* * *

ಹಾಗಾದರೆ ‘ಅಡಿಟಿಪ್ಪಣಿ’?

— ಬೆಂಗಳೂರು

* * *

ಅದು ರೂಢಿ. ಶಬ್ದಮಣಿದರ್ಪಣ ಎಂಬ ಹಳೆಯ ವ್ಯಾಕರಣ ಬರೆದ ಕೇಶಿರಾಜನೂ ಹಿಂದಿನ ಕವಿಗಳು ಬಳಸಿದ್ದಕ್ಕೆ, ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ರೂಢಿಯಲ್ಲಿ ಇರುವುದು ಬೇರೆ, ಗೊತ್ತಿದ್ದೂ ಹೊಸದಾಗಿ ಕಟ್ಟುವುದು ಬೇರೆ.

— ಮೈಸೂರು

* * *

ರೂಡಿಯಾದದ್ದು ಸರಿ ಎಂದಾದರೆ ‘ಕಾಮೆಂಟ್’ ಕೂಡ ರೂಡಿಯೇ. ಅದನ್ನೇ ಇಟ್ಟುಕೊಳ್ಳಿ. ನಿಮ್ಮ ಕಟ್ಟಲೆ ಕನ್ನಡದ ಪದಗಳಿಗೆ ಮಾತ್ರ ಯಾಕೆ ಗಟ್ಟಿಯಾಗುತ್ತದೆ? ಸಂಸ್ಕ್ರುತ ಬಂದರೆ ಪರಂಪರೆ, ಕನ್ನಡ ಕಟ್ಟಿದರೆ ತಪ್ಪು. ಈ ನ್ಯಾಯ ನನಗೆ ಒಪ್ಪಿಗೆಯಿಲ್ಲ.

— ಮಂಗಳೂರು

* * *

‘ನ್ಯಾಯ’ ಸಂಸ್ಕೃತ. ನಾನು ಮುಗಿಸಿದೆ.

— ಮೈಸೂರು

* * *

ಇಬ್ಬರೂ ಸ್ವಲ್ಪ ನಿಲ್ಲಿ. ನಾನು ಕಚೇರಿಯಲ್ಲಿ ಕಾಗದ, ಅರ್ಜಿ, ಜಿಲ್ಲೆ, ತಾಲೂಕು, ವಕೀಲ ಅಂತಲೇ ಬರೆದವನು. ಒಂದೂ ಕನ್ನಡದ್ದಲ್ಲ, ಒಂದೂ ಸಂಸ್ಕೃತದ್ದಲ್ಲ. ರೈತ ಬಂದು ‘ಸ್ವಾಮಿ, ಅರ್ಜಿ ಕೊಡಬೇಕಿತ್ತು’ ಅಂದಾಗ ಅದು ಕನ್ನಡವೇ ಆಗಿತ್ತು. ಹಾವೇರಿ ಕಡೆ ಬೀಗಕ್ಕೆ ‘ಚಾವಿ’ ಹಾಕುತ್ತಾರೆ. ಆ ಪದ ಪೋರ್ಚುಗೀಸರದು. ಅದನ್ನು ಕಿತ್ತುಕೊಂಡರೆ ಬಾಗಿಲು ತೆರೆಯುವವರು ಯಾರು? ಎಲ್ಲಿಂದ ಬಂತು ಅನ್ನುವುದಕ್ಕಿಂತ ಯಾರ ಕೈಯಲ್ಲಿ ಇದೆ ಅನ್ನುವುದು ನೋಡಿ. ಆ ತಾಯಿಗೆ ನಾಳೆ ಕಾಗದ ಬೇಕು.

ಷರಾ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

— ನಿವೃತ್ತ ಶಿರಸ್ತೇದಾರ, ತುಮಕೂರು

* * *

ಎಲ್ಲರಿಗೂ ಧನ್ಯವಾದ. ಜಗಳದ ನಡುವೆಯೂ ನನ್ನ ಕೆಲಸ ಆಯಿತು.

ಟಿಪ್ಪಣಿ ಇಟ್ಟುಕೊಳ್ಳುತ್ತೇನೆ. ಕಾರಣ ಶಿರಸ್ತೇದಾರ್ ಸರ್ ಅವರೇ ಕೊಟ್ಟರು. ಟಿಪ್ಪಣಿ ಹಾಳೆಯಲ್ಲಿ ಒಬ್ಬರ ಕೆಳಗೆ ಒಬ್ಬರು ಬರೆಯುತ್ತಾ ಹೋಗುತ್ತಾರೆ, ಬಂದ ಪತ್ರವನ್ನು ಮುಟ್ಟುವುದಿಲ್ಲ ಅಂದರಲ್ಲ, ನಮ್ಮ ಕರಡಿನಲ್ಲಿ ನಡೆಯಬೇಕಾದದ್ದು ಅದೇ. ನಮ್ಮ ಮುಖ್ಯ ಶಿಕ್ಷಕರಿಗೂ ಕಚೇರಿ ಟಿಪ್ಪಣಿ ಪರಿಚಯ ಇದೆ. ವಿಲೇವಾರಿ ಮಾತ್ರ ಬೇಡ ಸರ್. ಈಗ ಆ ಪದ ಕೇಳಿದರೆ ಕಸದ ಗಾಡಿಯೇ ಕಣ್ಣ ಮುಂದೆ ಬರುತ್ತದೆ. ಮಂಗಳೂರಿನ ಸರ್ ಹೇಳಿದ ‘ಬಗೆಹರಿ’ಗೆ ಯಾರೂ ಎದುರು ಮಾತಾಡಲಿಲ್ಲ. ಅದನ್ನೇ ತೆಗೆದುಕೊಂಡೆ. ಸಜೆಸ್ಟ್‌ಗೆ ಬರೀ ‘ಸಲಹೆ’ ಅಂದರೆ ಮಾತಿನ ಸಲಹೆ ಅಂದುಕೊಂಡಾರು, ಅದಕ್ಕೇ ‘ತಿದ್ದುವ ಸಲಹೆ’ ಅಂತ ಬಿಡಿಸಿ ಬರೆದೆ. ‘ಸೂಚನೆ’ ಅಂದರೆ ಮೇಲಿನಿಂದ ಬಂದ ಆದೇಶ ಆಗಿಬಿಡುತ್ತದೆ. ಪರದೆ ಇಂಗ್ಲಿಷಿನಲ್ಲೇ ಇದೆ. ಹಾಗಾಗಿ ಬೆಂಗಳೂರಿನವರು ಹೇಳಿದಂತೆ ಗುಂಡಿಯ ಹೆಸರು ಮೊದಲು.

ಕಾಗದದಲ್ಲಿ ಹೀಗೆ ಹೋಗುತ್ತದೆ:

‘ಸಾಲನ್ನು ಆರಿಸಿ. ಬಲಗಡೆ ಕಾಣುವ ಕಾಮೆಂಟ್ ಗುರುತು ಒತ್ತಿ. ಅಥವಾ ಕಂಟ್ರೋಲ್, ಆಲ್ಟ್, ಎಂ ಮೂರನ್ನೂ ಒಟ್ಟಿಗೆ ಒತ್ತಿ. ನಿಮ್ಮ ಟಿಪ್ಪಣಿ ಬರೆಯಿರಿ. ಮೂಲ ಬರಹ ಹಾಗೇ ಇರುತ್ತದೆ. ಇನ್ನೊಬ್ಬರ ಟಿಪ್ಪಣಿಗೆ ಉತ್ತರ ಇದ್ದರೆ ಹೊಸ ಟಿಪ್ಪಣಿ ಮಾಡಬೇಡಿ, ಅದರ ಕೆಳಗೇ ಬರೆಯಿರಿ. ಪದ ಬದಲಾಗಬೇಕು ಅನಿಸಿದರೆ ಸಜೆಸ್ಟ್‌ಗೆ ಹೋಗಿ ತಿದ್ದುವ ಸಲಹೆ ಕೊಡಿ. ಸಂಪಾದಕರು ಒಪ್ಪಿದ ಮೇಲೆ ಅದು ಸೇರುತ್ತದೆ. ವಿಷಯ ಬಗೆಹರಿದರೆ ರಿಸಾಲ್ವ್ ಒತ್ತಿ. ಟಿಪ್ಪಣಿ ಮರೆಗೆ ಹೋಗುತ್ತದೆ, ಅಳಿಯುವುದಿಲ್ಲ.’

ಇನ್ನೊಂದು ಉಳಿದಿದೆ. ಅಟ್ (@) ಗುರುತು ಹಾಕಿ ಒಬ್ಬರ ಹೆಸರು ಬರೆದು ಆ ಟಿಪ್ಪಣಿಯ ಕೆಲಸವನ್ನು ಅವರಿಗೇ ಕೊಡಬಹುದು. ಪರದೆಯಲ್ಲಿ ಅದು ‘ಅಸೈನ್’. ನಾನು ‘ವಹಿಸಿ’ ಅಂತ ಬರೆದಿದ್ದೇನೆ. ಬೇಡ ಅನ್ನುವವರು ನಾಳೆ ಮಧ್ಯಾಹ್ನದೊಳಗೆ ಹೇಳಿ.

— ಶಿಕ್ಷಕಿ, ಹಾವೇರಿ ಜಿಲ್ಲೆ